ಒಣ್ಣು, ರೆಂಡು, ಮೂಣು: ಕೆಜಿಎಫ್ ಹುಡುಗರ ಜೊತೆ ನನ್ನ ಮೊದಲ ಸೀಸನ್

2023ರ ಜುಲೈನಲ್ಲಿ ಕೆಜಿಎಫ್‌ನ ಒಂದು ಪದವಿ ಕಾಲೇಜಿನ ಫುಟ್‌ಬಾಲ್ ತಂಡ ನನ್ನ ಕೈಗೆ ಬಂತು. ನನಗಿಂತ ಮುಂಚೆ ಇದ್ದ ಸರ್ ಹದಿನಾಲ್ಕು ವರ್ಷ ಆ ತಂಡವನ್ನು ನೋಡಿಕೊಂಡು ನಿವೃತ್ತರಾಗಿದ್ದರು. ಹುಡುಗರಿಗೆ ಅವರೆಂದರೆ ಪ್ರಾಣ. ನಾನು ಬಂಗಾರಪೇಟೆಯವನು. ಕಾಲೇಜು ದಿನಗಳಲ್ಲಿ ಸ್ಟಾಪರ್ (ಹಿಂದೆ ಮಧ್ಯದಲ್ಲಿ ನಿಂತು ತಡೆಯುವವನು) ಆಗಿ ಆಡಿದವನು. ಆಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ (ಎಐಎಫ್‌ಎಫ್) ಡಿ ಕೋಚಿಂಗ್ ಲೈಸೆನ್ಸ್ ಮಾಡಿಕೊಂಡು ಶಾಲೆ ಮಕ್ಕಳಿಗೆ ಕಲಿಸುತ್ತಿದ್ದೆ. ಕಾಲೇಜು ತಂಡವೊಂದಕ್ಕೆ ಮುಖ್ಯ ಕೋಚ್ ಆಗಿದ್ದು ಅದೇ ಮೊದಲು. ಆ ಒಂದು ಸೀಸನ್‌ನಲ್ಲಿ ಏನು ಮಾಡಿದೆ, ಯಾವುದು ಕೈ ಹಿಡಿಯಿತು, ಎಲ್ಲಿ ಎಡವಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಾಗೆ ಆರು ಚೆಂಡು, ಅರ್ಧ ಮೈದಾನ ಇಟ್ಟುಕೊಂಡು ತಂಡ ಕಟ್ಟುವವರು ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಿಗಾದರೂ ಉಪಯೋಗ ಆಗಲಿ.

ಮೊದಲು ಊರಿನ ಬಗ್ಗೆ ಎರಡು ಮಾತು. ಅದನ್ನು ಬಿಟ್ಟು ಈ ತಂಡದ ಬಗ್ಗೆ ಹೇಳೋಕೆ ಆಗಲ್ಲ. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ನನ್ನ ಹುಡುಗರು ಹುಟ್ಟಿದ್ದೇ ಅದಾದ ಮೇಲೆ. ಅವರಲ್ಲಿ ಎಷ್ಟೋ ಜನರ ತಾತಂದಿರು ಮೂರು ಕಿಲೋಮೀಟರಿಗೂ ಜಾಸ್ತಿ ಆಳದ ಚಾಂಪಿಯನ್ ರೀಫ್ಸ್ ಗಣಿಗೆ ಇಳಿದವರು. ಅಪ್ಪ ಅಮ್ಮಂದಿರು ಈಗ ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ವಾಪಸ್. ಮನೆಯಲ್ಲಿ ತಮಿಳು, ಕಾಲೇಜಿನಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಉರ್ದು ಎಲ್ಲ ನಡೆಯುತ್ತದೆ. ಮೈದಾನದಲ್ಲಿ ನಾಲ್ಕೂ ಒಟ್ಟಿಗೆ ಕೇಳಿಸುತ್ತವೆ.

ಹುಡುಗರು ಆಟ ಕಲಿತಿದ್ದು ಗಣಿ ಕಾರ್ಮಿಕರ ಲೈನ್ ಮನೆಗಳ ನಡುವಿನ ಓಣಿಯಲ್ಲಿ. ಇಬ್ಬರು ಕೈ ಚಾಚಿ ನಿಂತರೆ ಎರಡೂ ಕಡೆ ಗೋಡೆ ಸಿಗುವಂಥ ಓಣಿ. ಅಲ್ಲಿ ಪಾಸ್ ಕೊಡೋಕೆ ಜಾಗವೇ ಇಲ್ಲ. ಇಬ್ಬರನ್ನು ದಾಟಿಕೊಂಡೇ ಹೋಗಬೇಕು. ಹಾಗಾಗಿ ಚೆಂಡು ಕಾಲಿಗೆ ಅಂಟಿಕೊಂಡಿರುತ್ತದೆ. ಇಂಥ ಕಾಲ್ಚಳಕ ಇರುವ ಹುಡುಗರನ್ನು ನಾನು ಬೇರೆ ಕಾಲೇಜುಗಳಲ್ಲಿ ಅಷ್ಟಾಗಿ ನೋಡಿಲ್ಲ. ಅದೂ ಅಲ್ಲದೆ ಆ ವರ್ಷ ಎಲ್ಲರಲ್ಲೂ ಒಂದು ಹುರುಪು ಇತ್ತು. ಮಾರ್ಚ್‌ನಲ್ಲಷ್ಟೇ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತ್ತು. 54 ವರ್ಷದ ನಂತರ. ಹಿಂದಿನ ಸಲ 1968-69ರಲ್ಲಿ ಗೆದ್ದಾಗ ತಂಡದ ಹೆಸರು ಇನ್ನೂ ಮೈಸೂರು ಅಂತಲೇ ಇತ್ತು. ಫೈನಲ್‌ನ ಗೋಲುಗಳನ್ನು ಹುಡುಗರು ಮೊಬೈಲ್‌ನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ನೋಡುತ್ತಿದ್ದರು.

ಇಷ್ಟೆಲ್ಲ ಇದ್ದ ತಂಡವನ್ನು ನಾನು ಮೊದಲ ಮೂರು ವಾರದಲ್ಲಿ ಕೆಡಿಸಿದೆ.

ಹೊಸದಾಗಿ ಬಂದ ಕೋಚ್‌ಗೆ ಏನಾದರೂ ಮಾಡಿ ತೋರಿಸಬೇಕು ಅನ್ನೋ ಆತುರ ಇರುತ್ತದೆ. ನನಗೂ ಇತ್ತು. ಹುಡುಗರು ವರ್ಷಗಳಿಂದ ಆಡುತ್ತಿದ್ದ 4-4-2 (ಹಿಂದೆ ನಾಲ್ಕು, ಮಧ್ಯೆ ನಾಲ್ಕು, ಮುಂದೆ ಇಬ್ಬರು) ಬಿಡಿಸಿ 4-3-3 ಹಾಕಿದೆ. ವೈಟ್‌ಬೋರ್ಡ್ ತಂದು ಬಾಣದ ಗುರುತು ಬರೆದು ವಿವರಿಸಿದೆ. ಮೂರು ಟಚ್‌ಗಿಂತ ಜಾಸ್ತಿ ಚೆಂಡು ಇಟ್ಟುಕೊಳ್ಳಬಾರದು ಅಂತ ನಿಯಮ ಮಾಡಿದೆ. ಎಡ ಅಂಚಿನಲ್ಲಿ ಮುಂದೆ ಆಡುವ ನಮ್ಮ ಲೆಫ್ಟ್ ಔಟ್ ಹುಡುಗನಿಗೆ ಅದು ಕೈ ಕಟ್ಟಿ ಹಾಕಿದ ಹಾಗಾಯಿತು. ಚೆಂಡು ಬಂದ ಕೂಡಲೇ ಹೆದರಿದವನ ಹಾಗೆ ಪಕ್ಕದವನಿಗೆ ತಳ್ಳಿಬಿಡುತ್ತಿದ್ದ. ಕ್ಯಾಪ್ಟನ್ ಒಂದು ದಿನ ತಡೆಯಲಾರದೆ, "ಸರ್, ಹಳೇ ಸರ್ ಅವನನ್ನ ಬಿಟ್ಬಿಡ್ತಿದ್ರು" ಅಂದ. ನಾನು ಅದನ್ನು ಎದುರು ಮಾತು ಅಂದುಕೊಂಡೆ. ಅವನು ನಿಜವಾಗಿ ನನಗೆ ಒಳ್ಳೆಯದನ್ನೇ ಹೇಳುತ್ತಿದ್ದ.

ಆಗಸ್ಟ್ ಮೊದಲ ವಾರ ಒಂದು ಫ್ರೆಂಡ್ಲಿ ಮ್ಯಾಚ್ ಆಡಿದೆವು. ಆಷಾಢದ ಗಾಳಿ ಇನ್ನೂ ಇಳಿದಿರಲಿಲ್ಲ. ಗಣಿಯ ತ್ಯಾಜ್ಯ ಮಣ್ಣು ರಾಶಿ ಬಿದ್ದಿರುವ ಸೈನೈಡ್ ಗುಡ್ಡದ ಕಡೆಯಿಂದ ದೂಳು ಎದ್ದು ಬಂದು ಹುಡುಗರ ರೆಪ್ಪೆ ಮೇಲೆಲ್ಲ ಬೂದಿ ಮೆತ್ತಿದ ಹಾಗೆ ಕೂತಿತ್ತು. 0-5ರಿಂದ ಸೋತೆವು.

ಮೈದಾನದ ಪಕ್ಕದ ಕಟ್ಟಡದ ಮೇಲೆ ನಿಂತು ಒಬ್ಬ ವಿದ್ಯಾರ್ಥಿ ಇಡೀ ಆಟವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದ. ಆ ರಾತ್ರಿ ಕೂತು ನೋಡಿದೆ. ಐದೂ ಗೋಲುಗಳು ಒಂದೇ ರೀತಿಯಲ್ಲಿ ಬಂದಿದ್ದವು. ಚೆಂಡು ನಮ್ಮ ಹತ್ತಿರ ಇತ್ತು. ಕಳೆದುಕೊಂಡೆವು. ಹತ್ತು ಸೆಕೆಂಡ್ ಒಳಗೆ ನಮ್ಮ ಬಲೆಯೊಳಗೆ ಇತ್ತು. ಮೂರನೇ ಗೋಲಿನ ಹತ್ತಿರ ವಿಡಿಯೋ ನಿಲ್ಲಿಸಿದೆ. ಆ ಚಿತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಏಳು ಹುಡುಗರು ಕಾಣುತ್ತಾರೆ. ಅದರಲ್ಲಿ ಐದು ಜನರ ಕೈ ಸೊಂಟದ ಮೇಲಿದೆ. ಒಬ್ಬ ತಲೆ ಮೇಲೆ ಕೈ ಇಟ್ಟಿದ್ದಾನೆ. ಚೆಂಡು ಕಳೆದುಕೊಂಡವನು ರೆಫರಿ ಕಡೆ ತಿರುಗಿ ಏನೋ ಕೇಳುತ್ತಿದ್ದಾನೆ. ಎದುರು ತಂಡದ ನಾಲ್ಕು ಜನ ಮಾತ್ರ ಓಡುತ್ತಿದ್ದಾರೆ.

ನಮಗೆ ಗೊತ್ತಿಲ್ಲದೆ ಇದ್ದದ್ದು ಚೆಂಡು ಹೋದ ಮೇಲೆ ಏನು ಮಾಡಬೇಕು ಅನ್ನೋದು. ಓಣಿಯಲ್ಲಿ ಅದು ಬೇಕಾಗಿರಲಿಲ್ಲ. ಅಲ್ಲಿ ಚೆಂಡು ಹೋದರೂ ಎರಡು ಹೆಜ್ಜೆ ದೂರದಲ್ಲೇ ಇರುತ್ತದೆ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ನೂರು ಮೀಟರ್ ಉದ್ದದ ಮೈದಾನದಲ್ಲಿ ಗೋಡೆ ಇಲ್ಲವಲ್ಲ. ಆ ಗೋಡೆ ನಾವೇ ಆಗಬೇಕು.

ಮಾರನೇ ದಿನ ವೈಟ್‌ಬೋರ್ಡ್ ಕಚೇರಿಯಲ್ಲೇ ಬಿಟ್ಟು ಹೋದೆ. ಹುಡುಗರನ್ನು ಸುತ್ತ ಕೂರಿಸಿ, "4-4-2 ವಾಪಸ್ ಬರುತ್ತೆ. ಟಚ್ ಲೆಕ್ಕ ಇಲ್ಲ. ಈ ಸೀಸನ್‌ನಲ್ಲಿ ನಾನು ಒಂದೇ ಒಂದು ವಿಷಯ ಕಲಿಸ್ತೀನಿ, ಚೆಂಡು ಹೋದ ಮೇಲಿನ ಐದು ಸೆಕೆಂಡ್" ಅಂದೆ. ಇದೇನೂ ನನ್ನ ಸ್ವಂತ ಐಡಿಯಾ ಅಲ್ಲ. ಕೋಚ್ ಪೆಪ್ ಗಾರ್ಡಿಯೋಲಾ ಬಾರ್ಸಿಲೋನಾ ಕ್ಲಬ್‌ನಲ್ಲಿ, ಕೋಚ್ ಯುರ್ಗನ್ ಕ್ಲಾಪ್ ಡಾರ್ಟ್‌ಮಂಡ್ ಕ್ಲಬ್‌ನಲ್ಲಿ ಇದನ್ನು ಎಷ್ಟು ಚೆನ್ನಾಗಿ ಮಾಡಿಸಿದರು ಅಂತ ಫುಟ್‌ಬಾಲ್ ನೋಡುವವರಿಗೆಲ್ಲ ಗೊತ್ತು. ಅವರ ಹತ್ತಿರ ಇದ್ದಂಥ ಆಟಗಾರರು ನಮ್ಮಲ್ಲಿ ಇಲ್ಲ, ನಿಜ. ಆದರೆ ಚೆಂಡು ಹೋದ ತಕ್ಷಣ ಓಡೋಕೆ ಅಂಥ ಆಟಗಾರರೇ ಬೇಕು ಅಂತೇನಿಲ್ಲ. ಯಾರು ಎಲ್ಲಿಗೆ ಓಡಬೇಕು ಅನ್ನೋದು ಸರಿಯಾಗಿ ಗೊತ್ತಿದ್ದರೆ ಸಾಕು.

ನಾನು ಹೇಳಿಕೊಟ್ಟಿದ್ದು ಇಷ್ಟು. ಚೆಂಡಿಗೆ ಯಾರು ಹತ್ತಿರ ಇದ್ದಾನೋ ಅವನು ಎದುರಾಳಿಯ ಮೇಲೆ ಹೋಗಬೇಕು. ಚೆಂಡು ಕಿತ್ತುಕೊಳ್ಳೋದು ಅವನ ಮೊದಲ ಕೆಲಸ ಅಲ್ಲ. ಎದುರಾಳಿ ತಲೆ ಎತ್ತಿ ಮುಂದಕ್ಕೆ ನೋಡದ ಹಾಗೆ ಅಡ್ಡ ನಿಲ್ಲೋದು ಮೊದಲ ಕೆಲಸ. ಎರಡನೆಯವನು, ಮೂರನೆಯವನು ಹತ್ತಿರದ ಪಾಸ್ ಎಲ್ಲಿಗೆ ಹೋಗಬಹುದು ನೋಡಿ ಆ ದಾರಿ ಮುಚ್ಚಬೇಕು. ಉಳಿದವರೆಲ್ಲ ಚೆಂಡಿನ ಕಡೆಗೆ ಸರಿಯಬೇಕು, ಇಬ್ಬರು ಸ್ಟಾಪರ್‌ಗಳು ಮಾತ್ರ ಹಿಂದೆ. ಐದು ಎಣಿಸುವಷ್ಟರಲ್ಲಿ ಚೆಂಡು ಸಿಗಲಿಲ್ಲ ಅಂದರೆ ಬಿಟ್ಟುಬಿಡಿ. ಎಲ್ಲರೂ ನಮ್ಮ ಅರ್ಧಕ್ಕೆ ಓಡಿ ಬಂದು ಚೆಂಡಿನ ಹಿಂದೆ ನಿಲ್ಲಿ.

ಎಣಿಕೆಯನ್ನು ಹುಡುಗರೇ ಶುರು ಮಾಡಿದರು. ಗೋಲ್ ಕೀಪರ್ ಹುಡುಗನ ಗಂಟಲು ದೊಡ್ಡದು. ಚೆಂಡು ಹೋದ ಕ್ಷಣದಿಂದ ಅವನು ತಮಿಳಿನಲ್ಲಿ "ಒಣ್ಣು, ರೆಂಡು, ಮೂಣು, ನಾಲು, ಅಂಜು" ಅಂತ ಕೂಗೋಕೆ ಹಿಡಿದ. ನಾನು ಕನ್ನಡದಲ್ಲಿ ಎಣಿಸಿ ಅನ್ನಲಿಲ್ಲ. ಓಡುವಾಗ ಬಾಯಿಗೆ ಬರೋದು ಮನೆ ಮಾತೇ, ಅಲ್ವಾ. ಕನ್ನಡದಲ್ಲಿ ಅಂಜು ಅಂದರೆ ಹೆದರು ಅಂತ. ನಮ್ಮ ಮೈದಾನದಲ್ಲಿ ಅಂಜು ಅಂದರೆ ಸಮಯ ಮುಗೀತು, ಹಿಂದಕ್ಕೆ ಓಡು ಅಂತ ಅರ್ಥವಾಯಿತು. ಎದುರು ತಂಡದವರಿಗೆ ಇವರು ಏನು ಕೂಗುತ್ತಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ.

ಇದಕ್ಕೆ ಮಾಡಿಸಿದ ಮುಖ್ಯ ಡ್ರಿಲ್ ಒಂದೇ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾರು ಬೇಕಾದರೂ ಮಾಡಿಸಬಹುದು, ಎಂಟು ಜನ, ಒಂದು ಚೆಂಡು, ಆರು ಕೋನ್ ಸಾಕು. ಹನ್ನೆರಡು ಹೆಜ್ಜೆಯ ಎರಡು ಚೌಕ ಪಕ್ಕಪಕ್ಕದಲ್ಲಿ ಹಾಕಿ, ನಡುವಿನ ಗೆರೆ ಎರಡಕ್ಕೂ ಒಂದೇ. ಒಂದು ಚೌಕದಲ್ಲಿ ಬಿಬ್ (ಗುರುತಿಗೆ ಮೇಲೆ ಹಾಕುವ ತೋಳಿಲ್ಲದ ಬಣ್ಣದ ಅಂಗಿ) ಹಾಕಿದ ನಾಲ್ಕು ಜನ, ಇನ್ನೊಂದರಲ್ಲಿ ಬಿಬ್ ಇಲ್ಲದ ನಾಲ್ಕು ಜನ. ಬಿಬ್‌ನವರು ತಮ್ಮ ಚೌಕದಲ್ಲಿ ಚೆಂಡು ಪಾಸ್ ಮಾಡುತ್ತಿರಬೇಕು. ಆ ಕಡೆಯಿಂದ ಇಬ್ಬರು ಒಳಗೆ ನುಗ್ಗಿ ಚೆಂಡು ಕಿತ್ತುಕೊಳ್ಳಬೇಕು. ಕಿತ್ತುಕೊಂಡ ಕೂಡಲೇ ಅದನ್ನು ತಮ್ಮ ಚೌಕಕ್ಕೆ, ತಮ್ಮ ಇಬ್ಬರಿಗೆ ದಾಟಿಸಬೇಕು. ಚೆಂಡು ಗೆರೆ ದಾಟಿತೋ, ಬಿಬ್‌ನವರಲ್ಲಿ ಇಬ್ಬರು ಆ ಕಡೆ ಓಡಿ ಕಿತ್ತುಕೊಳ್ಳುವವರಾಗಬೇಕು. ದಾಟುವ ಮುಂಚೆ ವಾಪಸ್ ಸಿಕ್ಕಿತೋ, ಓಡುವ ಕೆಲಸ ತಪ್ಪಿತು. ಇಷ್ಟೇ ಆಟ. ಮೂರು ನಿಮಿಷ ಆಟ, ಒಂದೂವರೆ ನಿಮಿಷ ಬಿಡುವು, ಹೀಗೆ ಆರು ಸಲ. ನಾಲ್ಕನೇ ಸುತ್ತಿಗೆ ಹುಡುಗರಿಗೆ ತಾವಾಗಿಯೇ ಅರ್ಥವಾಗಿತ್ತು, ಚೆಂಡು ಹೋದ ಮೊದಲ ಎರಡು ಹೆಜ್ಜೆ ಬೇಗ ಇಟ್ಟರೆ ಆಮೇಲಿನ ಇಪ್ಪತ್ತು ಹೆಜ್ಜೆ ಓಡೋದು ತಪ್ಪುತ್ತದೆ ಅಂತ. ನಾನು ಬಾಯಿ ಬಿಟ್ಟು ಹೇಳಿದ್ದರೆ ಅದು ತಲೆಗೆ ಹೋಗುತ್ತಿರಲಿಲ್ಲ.

ನಮ್ಮ ನೆಲ ಕೆಂಪು ಗರಸು. ನುಣುಪಾದ ಚೆಂಡು ಹದಿನೈದು ದಿನಕ್ಕೆ ಸಿಪ್ಪೆ ಬಿಡುತ್ತದೆ. ಅದಕ್ಕೆ ಪ್ರಾಕ್ಟೀಸ್‌ಗೆ ಗಟ್ಟಿ ನೆಲಕ್ಕೆ ತಡೆಯುವ ನಿವಿಯಾ ಸ್ಟಾರ್ಮ್ ಚೆಂಡು ಇಟ್ಟುಕೊಂಡೆವು, ಒಳ್ಳೆ ಚೆಂಡು ಎರಡನ್ನು ಮ್ಯಾಚ್‌ಗೆ ಎತ್ತಿಟ್ಟೆವು. ಗಾಳಿ ಸ್ವಲ್ಪ ಕಮ್ಮಿ ಹಾಕಿದರೆ ಗರಸು ನೆಲದಲ್ಲಿ ಪುಟಿಯೋದು ಹತೋಟಿಗೆ ಬರುತ್ತದೆ.

ಈಗ ಲೆಫ್ಟ್ ಔಟ್ ಹುಡುಗನ ವಿಷಯ. ಟಚ್ ಲೆಕ್ಕ ತೆಗೆದ ದಿನ ಅವನನ್ನು ಪಕ್ಕಕ್ಕೆ ಕರೆದು, "ಎದುರಿನವರ ಬಾಕ್ಸ್ ಹತ್ತಿರ ಎಷ್ಟು ಜನರನ್ನ ಬೇಕಾದ್ರೂ ದಾಟೋಕೆ ನೋಡು. ಕಳ್ಕೊಂಡ್ರೂ ನಾನು ಬಯ್ಯಲ್ಲ. ನಮ್ಮ ಅರ್ಧದಲ್ಲಿ ಮಾತ್ರ ಬೇಡ" ಅಂದೆ. ಅವನ ಮುಖ ಅರಳಿತು. ಐದು ಸೆಕೆಂಡಿನ ಆಟಕ್ಕೂ ಅವನ ಓಣಿ ಆಟಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನನಗೂ ಆಗಲೇ ಹೊಳೆದದ್ದು. ಅವನು ಇಬ್ಬರು ಮೂವರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಚೆಂಡು ಹೋದರೂ ಆ ಜಾಗದಲ್ಲಿ ನಮ್ಮವರು ನಾಲ್ಕೈದು ಜನ ಹತ್ತಿರದಲ್ಲೇ ಇರುತ್ತಾರೆ. ಎದುರಿನವರು ಚೆಂಡು ಸಿಕ್ಕಿತು ಅಂತ ಆಗಷ್ಟೇ ಹರಡಿಕೊಂಡಿರುತ್ತಾರೆ. ಆ ಗಳಿಗೆಯಲ್ಲಿ ವಾಪಸ್ ಕಿತ್ತುಕೊಂಡರೆ ಅವರ ಹಿಂದೆ ಯಾರೂ ಇರಲ್ಲ. ಡ್ರಿಬ್ಲಿಂಗ್ ಮಾಡಿ ಕಳೆದುಕೊಳ್ಳೋದನ್ನು ನಾನು ತಪ್ಪು ಅಂತ ನೋಡುತ್ತಿದ್ದೆ. ಸರಿಯಾದ ಜಾಗದಲ್ಲಿ ಕಳೆದುಕೊಂಡರೆ ಅದು ನಮ್ಮ ಆಟದ ಶುರು ಅಂತ ಕಲಿತೆ.

ಪ್ರಾಕ್ಟೀಸ್‌ನ ಹೊತ್ತಿನ ಬಗ್ಗೆಯೂ ಹೇಳಬೇಕು. ಮೊದಮೊದಲು ಸಂಜೆ ಐದೂವರೆಗೆ ಇಟ್ಟಿದ್ದೆ. ಅರ್ಧ ತಂಡ ಬರುತ್ತಿರಲಿಲ್ಲ. ಒಬ್ಬ ಮೊಬೈಲ್ ಅಂಗಡಿಯಲ್ಲಿ, ಇಬ್ಬರು ಹೋಟೆಲ್‌ನಲ್ಲಿ ಸಂಜೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಗ್ಗೆ ಆರಕ್ಕೆ ಬದಲಾಯಿಸಿದೆ. ಆಗ ಗೋಲ್ ಕೀಪರ್ ಹುಡುಗ ದಿನಾ ಇಪ್ಪತ್ತು ನಿಮಿಷ ತಡ. ತಡವಾಗಿ ಬಂದವರು ಮೈದಾನ ಐದು ಸುತ್ತು ಓಡಬೇಕು ಅಂತ ನನ್ನ ನಿಯಮ. ಅವನು ಒಂದು ಮಾತೂ ಆಡದೆ ಓಡುತ್ತಿದ್ದ. ಎರಡನೇ ವಾರ ಕ್ಯಾಪ್ಟನ್ ಹೇಳಿದ. ಆ ಹುಡುಗನ ಅಮ್ಮ ಬೆಳಗಿನ ಜಾವದ ರೈಲಿಗೆ ಹೋಗುತ್ತಾರೆ. ತಂಗಿಗೆ ತಿಂಡಿ ಮಾಡಿ, ನೀರು ಹಿಡಿದಿಟ್ಟು, ಅವಳನ್ನು ಎಬ್ಬಿಸಿ ಬರೋದು ಇವನೇ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಪ್ರತಿಯೊಬ್ಬ ಹುಡುಗನ ಮನೆಗೂ ಒಂದೊಂದು ಸಲ ಹೋಗಿ ಬರಬೇಕು ಅಂತ ಆವತ್ತು ತೀರ್ಮಾನ ಮಾಡಿದೆ. ಸೆಪ್ಟೆಂಬರ್ ಮುಗಿಯೋದರ ಒಳಗೆ ಇಪ್ಪತ್ತೆರಡು ಮನೆ ಮುಗಿಸಿದೆ. ಪ್ರಾಕ್ಟೀಸ್ ಆರೂವರೆಗೆ ಹೋಯಿತು. ಓಡಿಸುವ ಶಿಕ್ಷೆಯನ್ನು ಪೂರ್ತಿ ಬಿಟ್ಟೆ. ಕಾಲೇಜಿನಲ್ಲಿ ಮಾತಾಡಿ ಮೊದಲ ಪೀರಿಯಡ್‌ಗೆ ಹತ್ತು ನಿಮಿಷದ ರಿಯಾಯಿತಿ ಕೇಳಿಕೊಂಡೆ. ಹಾಜರಿ ಸರಿಹೋಯಿತು.

ಈ ಮಧ್ಯೆ ಇಬ್ಬರಿಗೆ ಕಾಲು ಉಳುಕಿತು. ಗರಸಿನ ಮೇಲೆ ತಕ್ಷಣ ನಿಂತು ತಿರುಗುವ ಆಟ ಇದು, ಆಗೋದೇ. ಫಿಫಾದವರ 11+ ಅನ್ನುವ ವಾರ್ಮ್-ಅಪ್ ಇದೆ. ಅದನ್ನು ಆವತ್ತಿನಿಂದ ವಾರಕ್ಕೆ ಮೂರು ದಿನ ಬಿಡದೆ ಮಾಡಿಸಿದೆ. ಎಂಟು ನಿಮಿಷ ನಿಧಾನದ ಓಟ, ಹತ್ತು ನಿಮಿಷ ಶಕ್ತಿ ಮತ್ತು ಸಮತೋಲನದ ವ್ಯಾಯಾಮ, ಕೊನೆಗೆ ಎರಡು ನಿಮಿಷ ವೇಗದ ಓಟ. ಒಟ್ಟು ಇಪ್ಪತ್ತು ನಿಮಿಷ, ಹದಿನೈದು ವ್ಯಾಯಾಮ. ಕೋನ್, ಚೆಂಡು ಬಿಟ್ಟರೆ ಬೇರೆ ಸಾಮಾನು ಬೇಡ. ಅದರಲ್ಲಿ ತೊಡೆಯ ಹಿಂಭಾಗಕ್ಕೆ ಒಂದು ವ್ಯಾಯಾಮ ಬರುತ್ತದೆ. ಮಂಡಿ ಊರಿ ಕೂತು, ಹಿಂದಿನಿಂದ ಒಬ್ಬ ಹಿಮ್ಮಡಿ ಹಿಡಿದುಕೊಂಡಿರುವಾಗ, ಮೈಯನ್ನು ನೆಟ್ಟಗೆ ಇಟ್ಟು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಗರಸು ಮಂಡಿಗೆ ಚುಚ್ಚುತ್ತದೆ ಅಂತ ಹುಡುಗರು ಮನೆಯಿಂದ ಅಕ್ಕಿಯ ಗೋಣಿಚೀಲ ತಂದು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡರು. ಮೊದಲ ದಿನ ಮೂರು ಸಲ ಬಾಗೋಕೆ ಆಗದವರು ಅಕ್ಟೋಬರ್ ಹೊತ್ತಿಗೆ ಹತ್ತು ಸಲ ಮಾಡುತ್ತಿದ್ದರು. ಆಮೇಲೆ ಸೀಸನ್ ಮುಗಿಯುವ ತನಕ ಉಳುಕು ಅಂತ ಯಾರೂ ಹೊರಗೆ ಕೂರಲಿಲ್ಲ.

ಇಲ್ಲಿ ನನ್ನ ದೊಡ್ಡ ತಪ್ಪನ್ನು ಹೇಳಬೇಕು. ಅಂತರ ಕಾಲೇಜು ಟೂರ್ನಿಗೆ ಪ್ರತಿ ಆಟಗಾರನ ಅರ್ಹತಾ ಅರ್ಜಿ ಕಳಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹುಟ್ಟಿದ ದಿನಾಂಕ, ಕಾಲೇಜಿಗೆ ಸೇರಿದ ವರ್ಷ, ಫೋಟೋ, ಪ್ರಾಂಶುಪಾಲರ ಸಹಿ, ಎಲ್ಲ ಇರಬೇಕು. ವಯಸ್ಸು 25 ದಾಟಿರಬಾರದು. ನಾನು ಆಟದಲ್ಲೇ ಮುಳುಗಿ ಅರ್ಜಿಗಳನ್ನು ಕೊನೆಯ ವಾರಕ್ಕೆ ಬಿಟ್ಟೆ. ಲೆಫ್ಟ್ ಔಟ್ ಹುಡುಗನ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು. ಕಾಲೇಜಿನ ದಾಖಲೆಯಲ್ಲಿ ಬರೀ ಇನಿಶಿಯಲ್. ಎರಡೂ ತಾಳೆಯಾಗಲ್ಲ ಅಂತ ಅರ್ಜಿ ವಾಪಸ್ ಬಂತು. ತಿದ್ದಿಸಿ ಮತ್ತೆ ಕಳಿಸೋಕೆ ನಾಲ್ಕು ದಿನ ಬೇಕಿತ್ತು. ಇದ್ದದ್ದು ಎರಡು ದಿನ. ನಮ್ಮ ತಂಡದ ಅತಿ ಒಳ್ಳೆ ಆಟಗಾರ ಟೂರ್ನಿ ಆಡದ ಹಾಗಾಯಿತು. ನಿಯಮ ನಿಯಮವೇ, ಅದನ್ನು ದೂರಲ್ಲ. ಒಂದು ತಿಂಗಳು ಮುಂಚೆ ನಾನು ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು.

ಅವನ ಮನೆಗೆ ನಾನೇ ಹೋಗಿ ಹೇಳಿದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಅವನ ಅಜ್ಜಿ ಒಳಗಿಂದ ಕಾಫಿ ತಂದುಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ಸರ್, ಬಸ್ಸಲ್ಲಿ ನಾನೂ ಬರಬಹುದಾ?" ಅಂತ ಕೇಳಿದ. ನನ್ನ ಕೈಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು. ಅದನ್ನು ಅವನಿಗೆ ಕೊಟ್ಟೆ. ಚೆಂಡು ಎಲ್ಲಿ ಹೋಯಿತು, ಐದು ಎಣಿಸುವಷ್ಟರಲ್ಲಿ ವಾಪಸ್ ಬಂತಾ ಇಲ್ವಾ, ಇಷ್ಟು ಮಾತ್ರ ಬರೆದುಕೋ ಅಂದೆ. ಅವನು ಪ್ರತಿ ಪುಟದಲ್ಲಿ ಸ್ಕೇಲ್ ಹಿಡಿದು ಮೈದಾನದ ಚಿತ್ರ ಬರೆದು ಆರು ಭಾಗ ಮಾಡಿದ. ಚೆಂಡು ಹೋದ ಜಾಗದಲ್ಲಿ ಒಂದು ಗೆರೆ. ವಾಪಸ್ ಬಂದರೆ ಆ ಗೆರೆಗೆ ಅಡ್ಡ ಗೆರೆ.

ಟೂರ್ನಿ ನಡೆದದ್ದು ಕೋಲಾರದಲ್ಲಿ, ನಮ್ಮಿಂದ ಮೂವತ್ತು ಕಿಲೋಮೀಟರ್. ಎರಡು ದಿನದ ನಾಕ್‌ಔಟ್, ಅರ್ಧಕ್ಕೆ 35 ನಿಮಿಷದ ಆಟ. ಮೊದಲ ಪಂದ್ಯ 3-0ರಿಂದ ಗೆದ್ದೆವು. ಎದುರು ತಂಡ ಅಷ್ಟು ತಯಾರಾಗಿರಲಿಲ್ಲ, ಅದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಆ ರಾತ್ರಿ ಲೆಫ್ಟ್ ಔಟ್ ಹುಡುಗ ನೋಟ್‌ಬುಕ್ ಹಿಡಿದು ಬಂದ. "ಸರ್, ಬಲಗಡೆ ಹೋದ ಚೆಂಡು ಜಾಸ್ತಿ ವಾಪಸ್ ಬಂದಿದೆ. ಎಡಗಡೆ ಬಂದೇ ಇಲ್ಲ ನೋಡಿ" ಅಂದ. ಪುಟ ನೋಡಿದರೆ ಹೌದು. ಎಡಗಡೆ ಎಲ್ಲ ನೆಟ್ಟನೆ ಗೆರೆ, ಅಡ್ಡ ಗೆರೆ ಒಂದೋ ಎರಡೋ. ಯಾಕೆ ಅಂತ ಕೇಳಿದೆ. ಅವನೇ ಹೇಳಿದ. ಅವನ ಜಾಗದಲ್ಲಿ ಆಡಿದ ಹುಡುಗ ಚೆಂಡು ಹೋದ ಕೂಡಲೇ ಓಡುತ್ತಿದ್ದ, ಅವನ ಹಿಂದಿನ ಲೆಫ್ಟ್ ಬ್ಯಾಕ್ ಮಾತ್ರ ಹೆದರಿ ಹಿಂದಕ್ಕೆ ಹೋಗುತ್ತಿದ್ದ. ಮಧ್ಯದಲ್ಲಿ ದೊಡ್ಡ ಜಾಗ ಬಿಡುತ್ತಿತ್ತು. ಇಡೀ ಪಂದ್ಯ ಟಚ್ ಲೈನ್ ಪಕ್ಕದಲ್ಲೇ ನಿಂತಿದ್ದ ನನಗೆ ಇದು ಕಂಡಿರಲಿಲ್ಲ. ಬೆಳಗ್ಗೆ ಲೆಫ್ಟ್ ಬ್ಯಾಕ್ ಹುಡುಗನಿಗೆ ನಾನು ಹೇಳಲಿಲ್ಲ, ಇವನ ಕೈಯಲ್ಲೇ ಹೇಳಿಸಿದೆ. ಇಬ್ಬರೂ ಒಂದೇ ಲೈನ್‌ನವರು. ತಮಿಳಿನಲ್ಲಿ ಹತ್ತು ನಿಮಿಷ ಏನೇನೋ ಮಾತಾಡಿಕೊಂಡರು, ನೆಲದ ಮೇಲೆ ಕಲ್ಲು ಜೋಡಿಸಿ ತೋರಿಸಿಕೊಂಡರು.

ಎರಡನೇ ದಿನ ಬೆಳಗ್ಗೆ ಕ್ವಾರ್ಟರ್ ಫೈನಲ್ 1-0. ಮಧ್ಯಾಹ್ನ ಮೂರಕ್ಕೆ ಸೆಮಿಫೈನಲ್. ಮಧ್ಯದಲ್ಲಿ ನಾಲ್ಕು ಗಂಟೆ. ಬಾಳೆಹಣ್ಣು, ಕಡಲೆ ಚಿಕ್ಕಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಷರಬತ್ತು, ಸ್ವಲ್ಪ ಮೊಸರನ್ನ, ಇಷ್ಟೇ ಕೊಟ್ಟೆ. ಬೂಟು ಬಿಚ್ಚಿಸಿ ಮರದ ಕೆಳಗೆ ಕಾಲು ಎತ್ತರಕ್ಕೆ ಇಟ್ಟು ಮಲಗಿಸಿದೆ.

ಸೆಮಿಫೈನಲ್‌ನಲ್ಲಿ ಎದುರಾದದ್ದು ಹಾಸ್ಟೆಲ್ ಹುಡುಗರ ತಂಡ. ಎತ್ತರ, ಬಲ, ವರ್ಷಪೂರ್ತಿ ಒಟ್ಟಿಗೆ ಆಡುವವರು. ಹನ್ನೆರಡನೇ ನಿಮಿಷ. ಎಡಗಡೆ ಮೂಲೆ ಹತ್ತಿರ ನಮ್ಮವನು ಒಬ್ಬನನ್ನು ದಾಟಿ ಎರಡನೆಯವನಿಗೆ ಚೆಂಡು ಕಳೆದುಕೊಂಡ. ಆ ಕಡೆಯಿಂದ ಕೀಪರ್ ಕೂಗಿದ, ಒಣ್ಣು. ಕಳೆದುಕೊಂಡವನು ಅಲ್ಲೇ ಅಡ್ಡ ನಿಂತ. ರೆಂಡು. ಲೆಫ್ಟ್ ಬ್ಯಾಕ್ ಹುಡುಗ ಈ ಸಲ ಹಿಂದೆ ಹೋಗಲಿಲ್ಲ, ಮುಂದಕ್ಕೆ ಹತ್ತು ಗಜ ಓಡಿ ಬಂದ. ಎದುರಾಳಿಗೆ ಪಾಸ್ ಕೊಡೋಕೆ ಇದ್ದ ಒಂದೇ ದಾರಿ ಮುಚ್ಚಿತು. ಅವನು ತಡಬಡಾಯಿಸಿ ಚೆಂಡನ್ನು ಅಡ್ಡಕ್ಕೆ ತಳ್ಳಿದ. ಮೂಣು. ಕ್ಯಾಪ್ಟನ್ ಮಧ್ಯೆ ಕಾಲು ಹಾಕಿ ಎತ್ತಿಕೊಂಡು, ಒಂದೇ ಟಚ್‌ನಲ್ಲಿ ಬಾಕ್ಸ್ ಒಳಗೆ ಕೊಟ್ಟ. ನಾಲು ಅನ್ನುವ ಹೊತ್ತಿಗೆ ಚೆಂಡು ಬಲೆಯಲ್ಲಿತ್ತು. ಕೀಪರ್ ಎಣಿಕೆ ನಿಲ್ಲಿಸದೆ "ಅಂಜೂ" ಅಂತ ಉದ್ದಕ್ಕೆ ಕೂಗುತ್ತಾ ಎರಡೂ ಕೈ ಎತ್ತಿ ಓಡಿ ಬಂದ. ನನ್ನ ಪಕ್ಕದಲ್ಲಿ ಲೆಫ್ಟ್ ಔಟ್ ಹುಡುಗ ಗೆರೆ ಎಳೆದು ಅದಕ್ಕೆ ಅಡ್ಡ ಗೆರೆ ಎಳೆದ. ಪೆನ್ಸಿಲ್ ಮೊನೆ ಮುರಿಯಿತು.

ಅರ್ಧ ಸಮಯಕ್ಕೆ 1-0 ಇದ್ದೆವು. ಇಲ್ಲಿ ನಾನು ತಪ್ಪು ತೀರ್ಮಾನ ತೆಗೆದುಕೊಂಡೆ. ಇದೇ ಆಟ ಮುಂದುವರಿಸಿ ಅಂದೆ. ಬೆಳಗ್ಗೆ ಎಪ್ಪತ್ತು ನಿಮಿಷ ಆಡಿದ ಕಾಲುಗಳು ಅವು. ಐದು ಸೆಕೆಂಡಿನ ಆಟಕ್ಕೆ ಮನಸ್ಸು ಎಷ್ಟು ಬೇಕೋ ಕಾಲೂ ಅಷ್ಟೇ ಬೇಕು. ಕಾಲು ಸೋತಾಗ ಹತ್ತು ಜನರಲ್ಲಿ ಇಬ್ಬರು ತಡವಾಗಿ ಹೋದರೂ ಸಾಕು, ಇಡೀ ತಂಡ ತೆರೆದ ಬಾಗಿಲಾಗುತ್ತದೆ. ಎರಡನೇ ಅರ್ಧದ ಹದಿನೆಂಟನೇ ನಿಮಿಷ, ಮತ್ತೆ ಇಪ್ಪತ್ತೊಂಬತ್ತನೇ ನಿಮಿಷ, ನಮ್ಮವರೆಲ್ಲ ಮುಂದೆ ಹೋಗಿದ್ದಾಗ ಅವರು ನಮ್ಮ ತಲೆ ಮೇಲಿಂದ ಉದ್ದ ಚೆಂಡು ಹಾಕಿದರು. ಎರಡೂ ಗೋಲ್ ಆದವು. 1-2ರಿಂದ ಸೋತೆವು. ಒಂದೇ ದಿನ ಎರಡು ಪಂದ್ಯ ಇದ್ದರೆ ಎರಡನೆಯದರಲ್ಲಿ ಪ್ರತಿ ಅರ್ಧದ ಮೊದಲ ಹತ್ತು ನಿಮಿಷ ಮಾತ್ರ ಹೀಗೆ ಮೇಲೆ ಬೀಳಬೇಕು, ಉಳಿದ ಹೊತ್ತು ಸೀದಾ ನಮ್ಮ ಅರ್ಧಕ್ಕೆ ಬಂದು ಕಾಯಬೇಕು. ಬದಲಿ ಆಟಗಾರರನ್ನು ಗೋಲ್ ಹೊಡೆಸಿಕೊಂಡ ಮೇಲೆ ಕಳಿಸುವ ಬದಲು ಅರ್ಧ ಸಮಯಕ್ಕೇ ಕಳಿಸಬೇಕಿತ್ತು. ಈಗ ಹಾಗೇ ಮಾಡುತ್ತೇನೆ.

ಆಟ ಮುಗಿದ ಮೇಲೆ ಹುಡುಗರು ಅತ್ತರು. ನಾನು ಸಮಾಧಾನ ಮಾಡೋಕೆ ಹೋಗಲಿಲ್ಲ, ಪಕ್ಕದಲ್ಲಿ ಕೂತೆ. ಕ್ಯಾಪ್ಟನ್ ಮತ್ತು ಕೀಪರ್ ಇಬ್ಬರನ್ನೂ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಕರೆದರು. ಕೀಪರ್ ಆಯ್ಕೆಯಾದ.

ವಾಪಸ್ ಬರುವಾಗ ಬಸ್ಸಿನ ಬೆಳಕಿನಲ್ಲಿ ಆ ಫ್ರೆಂಡ್ಲಿ ಮ್ಯಾಚಿನ ವಿಡಿಯೋ ತೆಗೆದು ನೋಡಿದೆ. ಆಮೇಲೆ ಆವತ್ತಿನ ಸೆಮಿಫೈನಲ್‌ನ ವಿಡಿಯೋ, ನಾವು ಎರಡನೇ ಗೋಲ್ ಬಿಟ್ಟುಕೊಟ್ಟ ಜಾಗ. ಹುಡುಗರು ತಡವಾಗಿ ಓಡುತ್ತಿದ್ದಾರೆ, ಒಬ್ಬ ಎಡವಿ ಬೀಳುತ್ತಿದ್ದಾನೆ. ಸೊಂಟದ ಮೇಲೆ ಕೈ ಇಟ್ಟು ನಿಂತವನು ಒಬ್ಬನೂ ಇಲ್ಲ.

ಮುಂದಿನ ವರ್ಷ ಜುಲೈನಲ್ಲಿ ಕಾಲೇಜು ತೆರೆದ ಎರಡನೇ ದಿನವೇ ಅರ್ಜಿಗಳನ್ನು ತರಿಸಿ ಮೇಜಿನ ಮೇಲೆ ಹರಡಿಕೊಂಡು ಕೂತೆ. ಎಸ್ಸೆಸ್ಸೆಲ್ಸಿ ಪಟ್ಟಿ ಎಡಗಡೆ, ಕಾಲೇಜಿನ ದಾಖಲೆ ಬಲಗಡೆ. ಮೊದಲು ತುಂಬಿದ್ದು ಲೆಫ್ಟ್ ಔಟ್ ಹುಡುಗನದು. ಅಪ್ಪನ ಹೆಸರನ್ನು ಅವನೇ ಒಂದೊಂದು ಅಕ್ಷರವಾಗಿ ಹೇಳಿದ, ನಾನು ದಪ್ಪಕ್ಷರದಲ್ಲಿ ಪೂರ್ತಿ ಬರೆದೆ.